ಕೆರೆ ಕೊಡದ ಬೋಗುಣಿ

ನಾನು ಒಂದು ಹಿತ್ತಾಳೆಯ ಬೋಗುಣಿ. ಹುಟ್ಟಿದ್ದು ಕಂಚುಗಾರ ಮೌನೇಶಪ್ಪನ ಕುಲುಮೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹುಟ್ಟಿನ ಬಗ್ಗೆ ಊರವರು ಬೇರೆಯೇ ಕಥೆ ಕಟ್ಟಿಕೊಂಡಿದ್ದಾರೆ. ಮೌನೇಶಪ್ಪ ಬಡಿದೂ ಬಡಿದೂ ನನ್ನ ಹೊಟ್ಟೆಯನ್ನು ದುಂಡಗೆ ಮಾಡಿದ. ಕೊನೆಗೆ ಬೋರಲು ಹಾಕಿ, ತಳದ ನಡುವೆ ಒಂದು ತಾವರೆ ಕೆತ್ತಿ, ಅದರ ಕೆಳಗೆ ಮೂರು ಚುಕ್ಕೆ ಇಟ್ಟ. ಅದು ಅವನ ಗುರುತು. ಅವನು ಮಾಡಿದ ಎಲ್ಲ ಪಾತ್ರೆಗಳ ತಳದಲ್ಲೂ ಅದೇ ತಾವರೆ, ಅದೇ ಮೂರು ಚುಕ್ಕೆ.

ಸಂತೆಯಲ್ಲಿ ನನ್ನನ್ನು ಮೆಚ್ಚಿಕೊಂಡವಳು ಬಾಳಿಕೊಪ್ಪದ ತೋಟವ್ವ. ಒಡಕು ಹಂಡೆಯೊಂದನ್ನು ಹಾಕಿ, ಮೇಲೊಂದು ಚೀಲ ಎಳ್ಳು ಕೊಟ್ಟು ಕೊಂಡಳು. ಅವಳು ತಿರುತಿರುಗಿಸಿ ನೋಡಿದ್ದು ನನ್ನ ಹೊಟ್ಟೆಯನ್ನು. ತಳವನ್ನು ಯಾರು ನೋಡುತ್ತಾರೆ? ಮನೆಗೆ ಬಂದ ಮೇಲಂತೂ ತಳಕ್ಕೆ ಮಸಿ ಹತ್ತಿತು. ಆ ಮಸಿಯನ್ನು ಪೂರ್ತಿ ತಿಕ್ಕಿದರೆ ಹುಗ್ಗಿ ಸೀದುಹೋಗುತ್ತದೆ ಎಂಬ ನಂಬಿಕೆ ಆ ಊರಿನದು. ಹಾಗಾಗಿ ಎಲ್ಲರ ಮನೆಯ ಬೋಗುಣಿಗಳೂ ಮುಖ ತೊಳೆದು ತಳ ಕರ್ರಗೆ ಮಾಡಿಕೊಂಡೇ ಇರುತ್ತಿದ್ದವು.

ಬಾಳಿಕೊಪ್ಪ ಇರುವುದು ದೊಡ್ಡ ಕೆರೆಯ ದಂಡೆಯಲ್ಲಿ. ಆ ಕೆರೆಗೊಂದು ಕಥೆಯಿದೆ. ಹಿಂದೆ ಬಡವರು ಹಬ್ಬದ ಮುನ್ನಾದಿನ ಕೆರೆಯ ಮೆಟ್ಟಿಲ ಮೇಲೆ ಎಲೆ, ಅಡಿಕೆ, ಹೂ ಇಟ್ಟು ಬೇಡಿಕೊಂಡರೆ, ಬೆಳಗಾಗುವಷ್ಟರಲ್ಲಿ ಕೆರೆಯವ್ವ ಅಡುಗೆಗೆ ಪಾತ್ರೆ ಕೊಡುತ್ತಿದ್ದಳಂತೆ. ಉಂಡು, ತೊಳೆದು, ತಿರುಗಿ ನೀರಿಗೆ ಬಿಡಬೇಕು. ಯಾರೋ ಆಸೆಬುರುಕರು ಒಂದು ಪಾತ್ರೆಯನ್ನು ಇಟ್ಟುಕೊಂಡುಬಿಟ್ಟರು. ಅಂದಿನಿಂದ ಕೆರೆಯವ್ವ ಕೈ ಮುಚ್ಚಿಕೊಂಡಳು. ಆ ಯಾರೋ ಯಾರು ಎಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ.

ಒಂದು ದಿನ ತೋಟವ್ವ ಅದೇ ಮೆಟ್ಟಿಲ ಮೇಲೆ ನನ್ನನ್ನು ತೊಳೆಯುತ್ತಿದ್ದಳು. ಅವಳ ಬದುವಿನಾಚೆಯ ಹೊಲದ ಸಂಗವ್ವ ಪಕ್ಕದಲ್ಲಿ ಬಟ್ಟೆ ಒಗೆಯುತ್ತ, ಇಷ್ಟು ದೊಡ್ಡ ಬೋಗುಣಿ ಎಲ್ಲಿಂದ ಬಂತೆಂದು ಕೇಳಿದಳು. ಕಣ್ಣಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು. ತೋಟವ್ವನಿಗೆ ಕೀಟಲೆ ಎಂದರೆ ಊಟ ಬೇಡ.

"ಕೆರಿಯವ್ವ ಕೊಟ್ಟಾಳ. ತಿರುಗಿ ಕೊಡಾಕ ಮನಸ ಬರವಲ್ದು ನೋಡು," ಎಂದಳು.

ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಸಂಗವ್ವನೂ ನಕ್ಕಳು.

ಆ ವರ್ಷ ಕಾಳು ಹಾಲುಗಟ್ಟುವ ಹೊತ್ತಿಗೆ ಕೆರೆ ಕೆಳಗಿನ ಭತ್ತಕ್ಕೆಲ್ಲ ಬೆಂಕಿರೋಗ ಬಿತ್ತು. ತೋಟವ್ವನ ಗದ್ದೆಯೂ ಸುಟ್ಟಂತಾಯಿತು. ಆದರೆ ನಕ್ಕವರಿಗೆಲ್ಲ ಆ ಮಾತು ನೆನಪಾಯಿತು, ಇದು ಕೆರೆಯವ್ವನ ಸಿಟ್ಟೇ ಎಂದರು.

ಶೀಗಿ ಹುಣ್ಣಿಮೆ ಎಂದರೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಮುಂಜಾನೆಯ ಇಬ್ಬನಿ ಆರುವಷ್ಟರಲ್ಲಿ ಮನೆಮನೆಯಿಂದ ಬುಟ್ಟಿಗಳು ಹೊಲಕ್ಕೆ ಹೊರಡುತ್ತವೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಉಂಡಗಡುಬು, ಗೋಧಿ ಹುಗ್ಗಿ. ಬದುವಿನ ಮೇಲೆ ಗುರೆಳ್ಳು ಹಳದಿಯಾಗಿ ಹೂಬಿಟ್ಟಿರುತ್ತದೆ, ಕೆರೆಯಂಚಿಗೆ ಬೆಳ್ಳಕ್ಕಿ ಸಾಲು. ತಂದ ಊಟದಲ್ಲಿ ಭೂಮಿತಾಯಿಯ ಪಾಲಾದ ಚರಗವನ್ನು ಪೈರಿಗೆ ಚೆಲ್ಲಿ, ಆಮೇಲೆ ಅಕ್ಕಪಕ್ಕದ ಹೊಲದವರ ಎಲೆಗೆ ಒಬ್ಬರದನ್ನೊಬ್ಬರು ಬಡಿಸಿಯೇ ಉಣ್ಣಬೇಕು. ಹಾಗೆ ಹಂಚದವರ ಚರಗ ಭೂಮಿಗೆ ಮುಟ್ಟುವುದಿಲ್ಲವೆನ್ನುತ್ತಾರೆ. ಮರುವರ್ಷ ತೋಟವ್ವ ಹುಗ್ಗಿಯ ಸೌಟು ಹಿಡಿದು ಬಂದಾಗ ಸಂಗವ್ವ ಎಲೆಯನ್ನು ಮಡಿಲಿಗೆ ಎಳೆದುಕೊಂಡಳು. ಉಳಿದವರೂ ಹಾಗೇ ಮಾಡಿದರು.

ಚಾಷ್ಟಿಗೆ, ಬರೀ ತಮಾಷೆಗೆ ಅಂದದ್ದೆಂದು ತೋಟವ್ವ ಆಣೆ ಮಾಡಿದಳು. ಆಣೆ ಮಾಡಿದಷ್ಟೂ ಅನುಮಾನ ಬಲಿಯಿತು. ಮೌನೇಶಪ್ಪನನ್ನು ಕರೆತಂದು ಹೇಳಿಸುತ್ತೇನೆಂದು ಸಂತೆಗೆ ಓಡಿದಳು. ಅವನು ಕುಲುಮೆ ಮುಚ್ಚಿ ಊರುಬಿಟ್ಟಿದ್ದ. ಮತ್ತೆ ಅವಳು ಯಾರೊಡನೆಯೂ ಕೀಟಲೆ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಅವಳು ಸತ್ತ ಮೇಲೆ ನಾನು ಸೊಸೆ ನೀಲಗಂಗವ್ವನ ಕೈಗೆ ಬಂದೆ. ಅತ್ತೆ ಕಳ್ಳಿಯಲ್ಲ ಎಂದು ಅವಳು ನಂಬಿದ್ದಳು. ಇಡೀ ಊರಿನಲ್ಲಿ ಹಾಗೆ ನಂಬಿದವಳು ಅವಳೊಬ್ಬಳೇ. ವರ್ಷ ವರ್ಷ ಹುಗ್ಗಿ ಮಾಡುವಳು, ಯಾರೂ ಎಲೆ ಚಾಚರು, ತಂದದ್ದನ್ನು ಎತ್ತಿಗೆ ಸುರಿಯುವಳು. ಕೊನೆಗೆ ಒಂದು ಉಪಾಯ ಹೂಡಿದಳು. ಎಲ್ಲರ ಕಣ್ಣೆದುರು ನನ್ನನ್ನು ಕೆರೆಗೆ ಬಿಟ್ಟುಬಿಡುವುದು. ಸುಳ್ಳು ಕಥೆಗೆ ಸುಳ್ಳು ಮುಕ್ತಾಯ. ಆಮೇಲಾದರೂ ಉಂಡಾರು ಎಂದು ಮಾತಾಡಿಕೊಳ್ಳುತ್ತ, ಹುಣ್ಣಿಮೆಯ ಬೆಳಿಗ್ಗೆ ನನ್ನನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಲು ಕುಳಿತಳು. ಇನ್ನು ನನ್ನಲ್ಲಿ ಹುಗ್ಗಿ ಮಾಡುವುದಿಲ್ಲವಲ್ಲ, ತಳವನ್ನೂ ತಿಕ್ಕಿದಳು.

ಅಷ್ಟು ವರ್ಷದ ಮಸಿ ಹೋಯಿತು. ತಾವರೆ ಕಾಣಿಸಿತು, ಅದರ ಕೆಳಗೆ ಮೂರು ಚುಕ್ಕೆ.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಇಗೋ, ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಆದರೆ ನೀಲಗಂಗವ್ವ ಮೌನೇಶಪ್ಪನನ್ನು ಕಂಡವಳಲ್ಲ. ಅವಳು ಕಂಡಿದ್ದ ತಾವರೆ ಎಂದರೆ ಕೆರೆಯದೊಂದೇ. ಅದನ್ನು ಕೆರೆಯವ್ವನ ಗುರುತೆಂದೇ ತಿಳಿದಳು. "ಹಂಗಾರ ನಮ್ಮತ್ತಿ ನಮಗೂ ಸುಳ್ಳ ಹೇಳಿದ್ಲೇನ?" ಎಂದು ಅತ್ತಳು. ಅಂಥ ಅಳುವನ್ನು ನಾನು ಅತ್ತೆ ಸತ್ತ ದಿನವೂ ಕಂಡಿರಲಿಲ್ಲ.

ಮಧ್ಯಾಹ್ನ ಊರೆಲ್ಲ ಮೆಟ್ಟಿಲ ಬಳಿ ನಿಂತಿತ್ತು. ಅವಳು ನನ್ನನ್ನು ನೀರಿಗೆ ಬಿಡುತ್ತ, "ನಮ್ಮ ಮನಿಯವರು ತಪ್ಪು ಮಾಡ್ಯಾರವ್ವ, ಹೊಟ್ಟ್ಯಾಗ ಹಾಕ್ಕೋ," ಎಂದಳು. ಉಪಾಯದಲ್ಲಿ ಈ ಮಾತು ಇರಲಿಲ್ಲ.

ಆಮೇಲೆ ಬುಟ್ಟಿ ಬಿಚ್ಚಿ ಹೋಳಿಗೆ ಹಿಡಿದು ಸಂಗವ್ವನ ಮುಂದೆ ನಿಂತಳು. ಮುದುಕಿ ಸಂಗವ್ವ ಸಿಟ್ಟು ಮಾಡಲಿಲ್ಲ. "ಇಷ್ಟ ದಿನ ಅನುಮಾನ ಇತ್ತವ್ವ. ಈಗ ನೀನ ಒಪ್ಪಿಕೊಂಡಿ. ಇನ್ನ ಹೆಂಗ ಉಣ್ಣೂದು?" ಎಂದು ಮೆತ್ತಗೆ ಹೇಳಿ ಎದ್ದಳು.

ನಾನೀಗ ಕೊನೆಯ ಮೆಟ್ಟಿಲ ಕೆಳಗೆ ಕೆಸರಲ್ಲಿ ಕೂತಿದ್ದೇನೆ. ಬಾಯಿ ಮೇಲೆ, ತಾವರೆ ಕೆಳಗೆ. ಸುತ್ತ ಕಣ್ಣಾಡಿಸಿದ್ದೇನೆ, ಇಲ್ಲಿ ಇನ್ನೊಂದು ಪಾತ್ರೆಯೂ ಇಲ್ಲ, ಎಂದೂ ಇದ್ದಂತಿಲ್ಲ. ತಾವರೆಯ ಬೇರು, ಮೀನು, ಒಡೆದ ಗಾಜಿನ ಬಳೆಗಳು, ಇಷ್ಟೇ.

ನೀಲಗಂಗವ್ವ ಪ್ರತಿ ಶೀಗಿ ಹುಣ್ಣಿಮೆಗೂ ಬರುತ್ತಾಳೆ. ಈ ವರ್ಷ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೇರೆಯವರೆಲ್ಲ ಬದುವಿನ ಮೇಲೆ ಉಣ್ಣುತ್ತಿದ್ದಾಗ ಮೆಟ್ಟಿಲಿಗೆ ಒಬ್ಬಳೇ ಬಂದು, ಮುತ್ತುಗದೆಲೆಯಿಂದ ಒಂದು ತುತ್ತು ಹುಗ್ಗಿಯನ್ನು ನೀರಿಗೆ ಬಿಟ್ಟಳು.

"ನೀನರ ಉಣ್ಣವ್ವ," ಎಂದಳು.

ತುತ್ತು ನೇರ ನನ್ನೊಳಗೇ ಬಿತ್ತು. ಆ ಹುಗ್ಗಿಯ ವಾಸನೆ ನನಗೆ ಗೊತ್ತು. ನಾನು ನಿನ್ನ ಮನೆಯದೇ ತಾಯಿ, ಒಂದು ಚೀಲ ಎಳ್ಳು ಕೊಟ್ಟು ತಂದದ್ದು ಎಂದು ಹೇಳಬೇಕೆನಿಸಿತು. ಬೋಗುಣಿಗೆ ಬಾಯಿಯಷ್ಟೇ ಇದೆ. ಅವಳು ಸ್ವಲ್ಪ ಹೊತ್ತು ಕಾದು ಎಲೆ ಮಡಚಿಕೊಂಡು ಹೋದಳು. ಮೀನುಗಳು ಬಂದು ತಿಂದವು.