ಎಡಗಡೆಯ ಹೆಗಲು

"ಆ ಟೈ ಬಿಚ್ಚಿ," ಎಂದವಳು ಅವನು ಕೈ ಹಾಕುವ ಮೊದಲೇ ತಾನೇ ಬಗ್ಗಿ ಗಂಟು ಸಡಿಲಿಸತೊಡಗಿದಳು.

ಶವಾಗಾರದ ಕೆಲಸದವನು ಬಾಚಣಿಗೆ ಹಿಡಿದುಕೊಂಡೇ ಹಿಂದೆ ಸರಿದ. "ಬೆಳಿಗ್ಗೆ ರಗ್ಬಿ ಕ್ಲಬ್ಬಿನವರು ತಂದುಕೊಟ್ರಮ್ಮ. ಮನೆಯವರಿಗೆ ಹೇಳಿದೀವಿ ಅಂದ್ರು."

"ಮನೆಯವಳು ನಾನೇ. ನನಗ್ಯಾರೂ ಹೇಳಿಲ್ಲ."

ಹಸಿರು ಪಟ್ಟೆಯ ಟೈಯನ್ನು ಉಂಡೆ ಮಾಡಿ ಕೈಚೀಲದ ತಳಕ್ಕೆ ತುರುಕಿದಳು. ಗಂಡನ ಕೊರಳ ಗುಂಡಿ ಹಾಕಿದಳು. ಅದು ಸಲೀಸಾಗಿ ಬಿತ್ತು. ಒಂದು ಕಾಲಕ್ಕೆ ಅಂಗಡಿಯ ಯಾವ ಶರ್ಟೂ ಆ ಕುತ್ತಿಗೆಗೆ ಹಿಡಿಸುತ್ತಿರಲಿಲ್ಲ. ಹೊಲಿಗೆಯವಳಾದ ಅವಳೇ ಅವನ ಶರ್ಟುಗಳನ್ನೆಲ್ಲ ಹೊಲಿದವಳು. ಈಗ ಕಾಲರಿನೊಳಗೆ ಬೆರಳುಗಳು ಆರಾಮಾಗಿ ಓಡಾಡಿದವು.

ಮಗಳು ಬಾಗಿಲಲ್ಲಿ ಇಣುಕಿದಳು. "ಅಮ್ಮಾ, ಅಪ್ಪನ ಟೀಮಿನವರು ಬಂದಿದಾರೆ. ಪೆಟ್ಟಿಗೆ ತಾವೇ ಹೊರ್ತೀವಿ ಅಂತಿದಾರೆ."

"ಬೇಡ ಅಂತ ಹೇಳು. ಗಾಡಿಯವರು ಹೊರ್ತಾರೆ."

"ದೂರದಿಂದ ಬಂದಿದಾರಮ್ಮ, ಪಾಪ."

"ಅವರಿಗೆ ಕೊಟ್ಟಿದ್ದು ಸಾಲದಾ? ವಾರವೆಲ್ಲ ತಾಲೀಮು, ಶನಿವಾರ ಪಂದ್ಯ. ನನ್ನ ಪಾಲಿಗೆ ಉಳೀತಿದ್ದಿದ್ದು ಭಾನುವಾರ, ಬಾತುಕೊಂಡ ಮೈಗೆ ಐಸ್ ಇಡೋಕೆ. ಇವತ್ತೊಂದು ದಿನ ನಿಮ್ಮಪ್ಪ ನನ್ನೋರಾಗಿರ್ಲಿ."

ಮಗಳು ದನಿ ತಗ್ಗಿಸಿ, "ಕರಡಿ ಮಾಮನೂ ಬಂದಿದಾರೆ," ಎಂದಳು.

ಅವಳು ಕಾಲರನ್ನು ಎಳೆದು ಸರಿಪಡಿಸಿದಳು. "ಅವರಿಗಂತೂ ಬೇಡವೇ ಬೇಡ."

* * *

ಅವರ ಮದುವೆಯ ದಿನವನ್ನು ಗೊತ್ತುಮಾಡಿದ್ದೇ ಪಂದ್ಯಗಳ ಪಟ್ಟಿ ನೋಡಿ. ಮಗಳು ಹುಟ್ಟಿದಾಗ ಅವನು ಬೇರೆ ಊರಿನ ಮೈದಾನದಲ್ಲಿದ್ದ. ಮಾರನೆಯ ದಿನ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಗೆ ಬಂದಾಗ ದಾದಿ, "ನಿಮ್ಮ ವಾರ್ಡು ಕೆಳಗಡೆ," ಎಂದು ಕೈ ತೋರಿಸಿದ್ದಳಂತೆ.

ಅವನೇನೂ ಹೆಸರುವಾಸಿ ಆಟಗಾರನಲ್ಲ. ರಗ್ಬಿಯಲ್ಲಿ ಎರಡೂ ಕಡೆಯವರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಬೆಸೆದು, ಎದುರುಬದುರು ನೂಕಾಡುವ ಒಂದು ಗಳಿಗೆ ಬರುತ್ತದೆ. ಆ ನೂಕಾಟದಲ್ಲಿ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುವುದು ಅವನ ಕೆಲಸ. ಎಷ್ಟು ನೂಕಿದರೂ ಅಲುಗುವುದಿಲ್ಲವೆಂದು ಅವನಿಗೆ ಗೂಟ ಎಂದು ಹೆಸರಿಟ್ಟಿದ್ದರು. ಒಮ್ಮೆ ದೇಶದ ತಂಡಕ್ಕೂ ಕರೆ ಬಂದಿತ್ತು. ಹೊಸ ಅಂಗಿ ತೊಟ್ಟು ಪಂದ್ಯ ಮುಗಿಯುವ ತನಕ ಬೆಂಚಿನ ಮೇಲೆ ಕೂತಿದ್ದು ಹಾಗೇ ಎದ್ದು ಬಂದ. "ಅಂಗಿ ಒಗೆಯೋ ಕೆಲಸ ಉಳೀತು ನೋಡು," ಎಂದು ಅವಳೆದುರು ನಕ್ಕಿದ್ದ.

ಅವಳು ಅವನ ಆಟ ನೋಡಿದ್ದು ಒಂದೇ ಸಲ. ರಸ್ತೆಯಲ್ಲಿ ಹೆಂಡತಿಗಿಂತ ನಾಲ್ಕು ಮಾರು ಮುಂದೆ ನಡೆಯುವ ಗಂಡಸು, ಅಲ್ಲಿ ಅಕ್ಕಪಕ್ಕದ ಇಬ್ಬರ ಹೆಗಲ ಮೇಲೆ ತೋಳು ಚಾಚಿ, ಕೆನ್ನೆಗೆ ಕೆನ್ನೆ ತಾಗಿಸಿ ನಿಂತಿದ್ದ. ಪಂದ್ಯ ಮುಗಿಯುವ ಮೊದಲೇ ಅವಳು ಎದ್ದು ಮನೆಗೆ ಬಂದಳು. ಮತ್ತೆ ಮೈದಾನದ ಕಡೆ ತಲೆ ಹಾಕಲಿಲ್ಲ, ಟೀಮಿನವರನ್ನು ಹೊಸಿಲು ತುಳಿಯಗೊಡಲೂ ಇಲ್ಲ.

ಮಂಡಿ ಸವೆದು ಆಟ ನಿಂತಮೇಲೆ ಅವನು ಶಾಲಾ ಬಸ್ಸು ಓಡಿಸಿದ. ಸಂಜೆಯ ಹೊತ್ತಿಗೆ ಮನೆ ಸೇರುತ್ತಿದ್ದ. ಅವಳು ಮಶೀನು ತುಳಿಯುತ್ತಿದ್ದರೆ ಎದುರು ಕೂತು ಹೆಮ್ಮಿಂಗ್ ದಾರ ಬಿಚ್ಚಿಕೊಡುತ್ತಿದ್ದ. ಅಂತೂ ನನ್ನ ಕೈಗೆ ಬಂದನಲ್ಲ ಎಂದುಕೊಂಡಳು. ಅಷ್ಟರಲ್ಲಿ ಬಸ್ಸಿನ ದಾರಿ ಮರೆಯತೊಡಗಿತು. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟಿನ ಫಲ ಎಂದರು ಡಾಕ್ಟರು. ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟಾಗ ಅವನು ತಲೆಯೆತ್ತಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

"ನಿಮ್ದಾಯ್ತಾ ಊಟ? ಪಾಪ, ನೀವು ಯಾರ ಪೈಕಿ?"

ಬಾಳೆಲ್ಲ "ಏ, ಬಾರೇ" ಎಂದು ಕೂಗಿದ ಬಾಯಿ. ಆ "ನೀವು" ಅವಳ ಎದೆಗೆ ಒದ್ದ ಹಾಗಿತ್ತು.

ಅಂಥ ದಿನಗಳಲ್ಲೇ ಆ ದೊಡ್ಡ ಆಳು ಬಾಗಿಲಿಗೆ ಬಂದಿದ್ದು. ಮುರುಟಿದ ಕಿವಿ, ಕುಂಟುವ ನಡಿಗೆ. "ಅವನ ಜೊತೆ ಆಡ್ತಿದ್ದೆ, ಅತ್ತಿಗೆ," ಎನ್ನುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು.

"ಅಯ್ಯೋ, ಕರಡಿ! ನಡ್ಕೊಂಡ್ ಬಂದ್ಯೇನೋ!"

ಹೆಂಡತಿಯ ಗುರುತು ಹಿಡಿಯದವನು ಅವನ ಕುತ್ತಿಗೆಗೆ ಜೋತುಬಿದ್ದು ಅತ್ತ. ಆ ಆಳು ಒಂದು ಕ್ಷಣ ತಬ್ಬಿಬ್ಬಾಗಿ, "ಹೂಂ ಕಣೋ, ನಡ್ಕೊಂಡೇ ಬಂದೆ," ಎಂದ. ಅವನ ವ್ಯಾನು ಗೇಟಿನೆದುರೇ ನಿಂತಿತ್ತು. ಆಮೇಲೆ ಪ್ರತಿ ಬುಧವಾರ ಅದೇ ಕೂಗು, ಅದೇ ಉತ್ತರ, ಅದೇ ಅಪ್ಪುಗೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಒಂದು ಬುಧವಾರ, "ಮಲಗಿದಾರೆ" ಎಂದು ಬಾಗಿಲಿಂದಲೇ ವಾಪಸು ಕಳಿಸಿದಳು. ಗಂಡ ಒಳಗೆ ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ.

* * *

ಶವಾಗಾರದ ಪಕ್ಕದ ಸಭಾಂಗಣದಲ್ಲಿ ಟೀಮಿನ ಮುದುಕರು ಗೋಡೆಯುದ್ದಕ್ಕೂ ನಿಂತಿದ್ದರು. ಹೊರುವುದು ಬೇಡವೆಂದು ಮಗಳು ಹೇಳಿದ್ದರೂ ಯಾರಿಗೂ ಕೈ ಎಲ್ಲಿಡಬೇಕೆಂದು ತಿಳಿದಂತಿರಲಿಲ್ಲ.

"ಆಯ್ತಮ್ಮ, ಅವರ ಇಷ್ಟ," ಎನ್ನುತ್ತಿದ್ದ ಮುದಿ ಕೋಚು. "ಅಕಸ್ಮಾತ್ ಕರೆದ್ರೆ ಇರ್ಲಿ ಅಂತ ಹೇಳಿಟ್ಟಿರ್ತೀನಿ. ಮೂಟೆ, ನೀನು ಎಡಗಡೆ ಮುಂದೆ."

"ಮೂಟೆಗೆ ಇನ್ನೂ ಎಡಗಡೆನೇ!" ಎಂದು ಯಾರೋ ನಕ್ಕರು. ನಗಬಾರದಿತ್ತೆಂದು ಕೆಮ್ಮಿದರು.

ಮುಂದೆ ಬಂದವನು ಅವನೇ, ಬುಧವಾರದವನು. ಅವಳು ನೇರ ಅವನ ಬಳಿಗೆ ನಡೆದಳು.

"ಇವರೆಲ್ಲ ನಿಮ್ಮನ್ನ ಮೂಟೆ ಅಂತಾರಲ್ಲ? ನಮ್ಮನೆಯವರು ಕರಡಿ ಅಂತಿದ್ರು."

ಅವನು ಸುತ್ತ ನೋಡಿದ. "ಈ ಕಡೆ ಬನ್ನಿ, ಅತ್ತಿಗೆ."

ಮಡಚಿದ ಕುರ್ಚಿಗಳನ್ನು ಒಟ್ಟಿದ್ದ ಓಣಿಯಲ್ಲಿ ಅವನು ಗೋಡೆಗೆ ಒರಗಿದ.

"ಕರಡಿ ನಾನಲ್ಲ. ಕರಡಿ ನನಗಿಂತ ಮೊದಲು ಅವನ ಎಡಗಡೆ ಆಡ್ತಿದ್ದೋನು. ನಿಮ್ಮ ಮದುವೆಗೂ ಮುಂಚೆ. ಒಂದು ಪಂದ್ಯದಲ್ಲಿ ಸಾಲು ಕುಸಿದುಬಿತ್ತು, ಅವನ ಕುತ್ತಿಗೆ ಮುರೀತು. ಆಮೇಲೆ ಏಳಲೇ ಇಲ್ಲ. ಮಲಗಿದಲ್ಲೇ ಕೆಲವು ವರ್ಷ ಇದ್ದು ತೀರಿಹೋದ. ತನ್ನ ಕಾಲು ಜಾರಿದ್ದಕ್ಕೇ ಸಾಲು ಬಿತ್ತು ಅಂತ ನಮ್ಮ ಗೂಟ ಅಂದ್ಕೊಂಡಿದ್ದ. ಹೌದೋ ಅಲ್ಲವೋ, ಯಾರಿಗೆ ಗೊತ್ತು? ಆ ಮಾತೆತ್ತಿದ್ರೆ ಎದ್ದು ಹೋಗಿಬಿಡೋನು."

ಅವಳಿಗೆ ಆ ಕೂಗು ಕಿವಿಯಲ್ಲಿ ಕೇಳಿಸಿತು. ನಡ್ಕೊಂಡ್ ಬಂದ್ಯೇನೋ!

"ನೀವು ಹೂಂ ಅಂದ್ರಿ," ಎಂದಳು.

"ಇನ್ನೇನನ್ಲಿ? ಅವನು ಅಳ್ತಿದ್ದ." ಮುರುಟಿದ ಕಿವಿ ಕೆಂಪಾಗಿತ್ತು. "ಮುಂದಿನ ವಾರ ನನ್ನ ಗುರುತು ಸಿಗಬಹುದು ಅಂದ್ಕೊಂಡೆ. ಒಂಬತ್ತು ವರ್ಷ ಹೆಗಲು ಕೊಟ್ಟೋನು ನಾನು, ಅತ್ತಿಗೆ. ಕರಡಿ ಆಡಿದ್ದು ಎಷ್ಟು, ಮೂರೋ ನಾಲ್ಕೋ ವರ್ಷ! ಒಂದು ಸಲ, ಒಂದೇ ಒಂದು ಸಲ ಮೂಟೆ ಅನ್ಲಿಲ್ಲ. ಸತ್ತೋನ ಮೇಲೆ ಹೊಟ್ಟೆಕಿಚ್ಚು ಪಡ್ತಾ ವ್ಯಾನು ಓಡಿಸ್ಕೊಂಡು ಹೋಗ್ತಿದ್ದೆ. ನಾಚಿಕೆ ಆಗುತ್ತೆ ಹೇಳೋಕೆ."

ಇಷ್ಟು ದಿನ ಯಾರನ್ನು ಕಂಡು ಕರುಬುತ್ತಿದ್ದಳೋ ಆ ಮನುಷ್ಯ ಎದುರಿಗೆ ಅವಳ ಹಾಗೆಯೇ ಬರಿಗೈಯಲ್ಲಿ ನಿಂತಿದ್ದ. ಆದರೂ ಒಳಗಿನ ಉರಿ ಆರಲಿಲ್ಲ. ಮುಖವೇ ಕಂಡಿರದ, ಸತ್ತುಹೋದ ಇನ್ನೊಬ್ಬನ ಕಡೆಗೆ ತಿರುಗಿತು, ಅಷ್ಟೆ. ಮದುವೆಯಾದಂದಿನಿಂದ ತಮ್ಮಿಬ್ಬರ ನಡುವೆ ಮಲಗಿದ್ದವನು ಅವನು. ತನಗೆ ಹೇಳಬಹುದಿತ್ತಲ್ಲ ತನ್ನ ಗಂಡ?

"ಅವತ್ತು ಮಲಗಿದಾರೆ ಅಂದೆನಲ್ಲ," ಎಂದಳು. "ಎದ್ದಿದ್ರು."

"ಗೊತ್ತು. ಕಿಟಕೀಲಿ ಕಾಣ್ತಿತ್ತು."

ಒಳಗೆ ಗಾಡಿಯವರು ಪೆಟ್ಟಿಗೆಗೆ ಕೈ ಹಾಕಿದ್ದರು. ಅವಳು ಅವರನ್ನು ತಡೆದು ಟೀಮಿನವರ ಕಡೆ ತಿರುಗಿದಳು. "ಬನ್ನಿ, ನೀವೇ ಹೊರಿ."

ಆರು ಜನ ತಮ್ಮ ತಮ್ಮ ಜಾಗ ಹಿಡಿದರು. ಮೂಟೆ ಎಡಗಡೆ ಮುಂದೆ ಹೋಗಿ ನಿಂತ. ಅವಳು ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ಅವನೆದುರು ಬಂದಳು.

"ಈ ಜಾಗ ನಂದು."

ಕೂಸಿನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಾಯಿತು ಅವನ ಮುಖ. ಆಮೇಲೆ ಸುತ್ತು ಹಾಕಿ ಬಲಗಡೆಗೆ ಹೋದ. ಅಲ್ಲಿದ್ದವನು ಪಕ್ಕಕ್ಕೆ ಸರಿದ.

"ಅಮ್ಮಾ, ನಿನ್ನ ಕೈಲಾಗಲ್ಲ," ಎಂದಳು ಮಗಳು.

ಕೋಚು ಮೆಲ್ಲಗೆ ಹೇಳಿದ, "ಎತ್ತಿ."

ಎತ್ತಿದರು. ಪೆಟ್ಟಿಗೆ ಗಂಡಸರ ಹೆಗಲಿಗೇರಿತು. ಅವಳ ಹೆಗಲಿಗೂ ಅದಕ್ಕೂ ನಡುವೆ ಗೇಣಿನಷ್ಟು ಗಾಳಿ. ಅವಳು ತುದಿಗಾಲಲ್ಲಿ ನಿಂತು ಹೆಗಲೆತ್ತಿದಳು, ಎಟುಕಲಿಲ್ಲ. ಆಗ ಬಲಗಡೆಯಿಂದ ಮಂಡಿ ಕಟಕಟ ಎಂದ ಸದ್ದು ಬಂತು. ಮೂಟೆ ಕಾಲು ಬಗ್ಗಿಸಿದ್ದ. ಅವನ ಹಿಂದಿನವನು ಬಗ್ಗಿಸಿದ, ಅವನ ಹಿಂದಿನವನೂ, ಎಡಗಡೆಯ ಇಬ್ಬರೂ. ಮರ ತಣ್ಣಗೆ ಅವಳ ಹೆಗಲ ಮೇಲೆ ಕೂತಿತು. ಭಾರವಿತ್ತು.

ಬಾಗಿಲಿನಿಂದ ಗಾಡಿಯವರೆಗೆ ಜಲ್ಲಿಕಲ್ಲಿನ ದಾರಿ. ಸವೆದ ಮಂಡಿಗಳ ಆ ಮುದುಕರು ಒಬ್ಬರೂ ನೆಟ್ಟಗಾಗದೆ, ಕಾಲು ಬಗ್ಗಿಸಿಕೊಂಡೇ, ಅವಳ ಪುಟ್ಟ ಹೆಜ್ಜೆಗೆ ಹೆಜ್ಜೆ ಹಾಕುತ್ತ ಉಸಿರು ಬಿಗಿಹಿಡಿದು ನಡೆದರು.