ಪರದೆಯ ಹಿಂದಿನ ಪಾದ

"ಪ್ಲಗ್ ಮತ್ತೆ ಹಾಕು," ಎಂದಳು ಅಕ್ಕ.

ತಮ್ಮ ಆಂಪ್ಲಿಫೈಯರಿನಿಂದ ಕಿತ್ತ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ಭಾವನ ಹೆಣದ ಮುಂದೂ ಆ ನಾಟಕ ಬೇಕಾ? ಇವತ್ತಾದ್ರೂ ಬಾಯಿ ಬಿಡಕ್ಕ. ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಮೆಲ್ಲಗೆ. ಜನ ಇದ್ದಾರೆ."

ಪರದೆಯ ಆಚೆ, ರಿಹರ್ಸಲ್ ಹಾಲಿನ ನಡುವೆ, ಬಿಳಿ ಬಟ್ಟೆ ಹೊದ್ದು ಅವಳ ಗಂಡ ಮಲಗಿದ್ದ. ಬ್ಯಾಂಡಿನವರಿಗೆಲ್ಲ ಅವನು ವೈರಣ್ಣ. ಆಂಪ್ಲಿಫೈಯರ್ ಕೈಕೊಟ್ಟರೆ ಅವನೇ ಗತಿ. ಹಿಂದಿನ ದಿನ ಬೆಸುಗೆ ಹಾಕುತ್ತಲೇ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಹೆಣ ಎತ್ತುವ ಮೊದಲು ಬ್ಯಾಂಡಿನ ಗಿಟಾರ್‌ನವನು ಒಂದು ಹಾಡು ನುಡಿಸುತ್ತಾನೆಂದು ಯಾರೋ ಸಾರಿಬಿಟ್ಟಿದ್ದರು. ಆ ಹಾಡು ಎಲ್ಲರಿಗೂ ಗೊತ್ತು. ನಡುವೆ ಗಿಟಾರ್ ಮಗುವಿನಂತೆ 'ವಾ... ವಾ...' ಎಂದು ಅಳುತ್ತದೆ.

ಆ ಅಳು ಹುಟ್ಟುವುದು ಕಾಲಿನಲ್ಲಿ. ಪೆಡಲನ್ನು ಅದುಮಿ ಬಿಟ್ಟಂತೆ ತಂತಿಯ ದನಿ ಬಾಯಿ ತೆರೆದು ಮುಚ್ಚುತ್ತದೆ. ಅದು ಯಾರ ಕಾಲು ಎನ್ನುವುದು ಮಾತ್ರ ಜನಕ್ಕೆ ಗೊತ್ತಿರಲಿಲ್ಲ.

*

ಅಪಘಾತವಾದ ಮೇಲೆ ಗಿಟಾರ್‌ನವನು ಕೋಲೂರಿಕೊಂಡು ಅವರ ವರ್ಕ್‌ಶಾಪಿಗೆ ಬಂದಿದ್ದ. ಬಲಪಾದದಲ್ಲಿ ಜೀವವಿರಲಿಲ್ಲ.

"ಪೆಡಲ್ ಒತ್ತೋಕಾಗಲ್ಲ ಅಣ್ಣ. ಎಡಗಾಲು ಎತ್ತಿದ್ರೆ ಬಿದ್ದೇ ಹೋಗ್ತೀನಿ."

"ಕೂತ್ಕೊಂಡು ನುಡಿಸಿ," ಎಂದಿದ್ದಳು ಅವಳು.

"ಜನ ಅಯ್ಯೋ ಪಾಪ ಅಂತಾರೆ ಅತ್ತಿಗೆ. ಅದೊಂದು ಬೇಡ."

ಗಂಡ ಪೆಡಲಿನ ಹೊಟ್ಟೆ ಬಗೆದ. ಒಳಗಿನ ಸರ್ಕ್ಯೂಟನ್ನು ಚಪ್ಪಟೆ ಉಕ್ಕಿನ ಪೆಟ್ಟಿಗೆಯಲ್ಲಿ ಕೂರಿಸಿ, ಪರದೆಯ ಹಿಂದೆ ಆಂಪ್ಲಿಫೈಯರ್‌ಗಳಿದ್ದ ರ‍್ಯಾಕಿಗೆ ಬಿಗಿದ. ಗಿಟಾರಿನ ದನಿ ದೂರ ಸುತ್ತಿ ಬಂದರೆ ಗುಂಯ್‌ಗುಡುತ್ತದೆಂದು ಅದನ್ನು ರ‍್ಯಾಕಿನಲ್ಲೇ ಉಳಿಸಿ, ಕಾಲಿನ ಚಲನೆಗಷ್ಟೇ ಬೇರೆ ಕೇಬಲ್ ಎಳೆದ. ಅದರ ತುದಿಯಲ್ಲಿ ತುಳಿಯುವ ಹಲಗೆ. ಇನ್ನು ಆ ಹಲಗೆ ಎಲ್ಲಿ ಬೇಕಾದರೂ ಇರಬಹುದಿತ್ತು, ಯಾರ ಕಾಲಡಿಯಲ್ಲಾದರೂ.

ಪರದೆಯ ಮರೆಯಲ್ಲಿ, ಗಿಟಾರ್‌ನವನ ಬೆರಳು ಕಾಣುವಲ್ಲಿ, ಗಂಡ ಸ್ಟೂಲು ಹಾಕಿಕೊಂಡು ಹಲಗೆಯ ಮೇಲೆ ಕಾಲಿಟ್ಟ. ವೇದಿಕೆಯ ಮೇಲೆ ಗಿಟಾರ್‌ನವನ ಬೂಟಿನ ಕೆಳಗೆ ಉಳಿದದ್ದು ಪೆಡಲಿನ ಖಾಲಿ ಚಿಪ್ಪು.

ಅವಳಿಗೆ ಆಪರೇಷನ್ ಆದ ದಿನವೂ ಅವನು ಅದೇ ಸ್ಟೂಲಿನ ಮೇಲಿದ್ದ. "ನಾನಿಲ್ದಿದ್ರೆ ಅವನ ಗುಟ್ಟು ರಟ್ಟಾಗುತ್ತೆ ಕಣೇ," ಎಂದಿದ್ದ ಆಮೇಲೆ. ಅವಳು ಗೋಡೆಯ ಕಡೆ ಮಗ್ಗುಲಾಗಿದ್ದಳು.

*

ಗಿಟಾರ್‌ನವನು ಕಾಲೆಳೆಯುತ್ತ ಪರದೆಯ ಹಿಂದೆ ಬಂದ. ಹಲಗೆಯನ್ನು ಕೋಲಿನಿಂದ ಅವಳ ಕಡೆ ಸರಿಸಿದ.

"ಅತ್ತಿಗೆ, ನಿಮಗೆ ಆ ಹಾಡು ಬಾಯಿಪಾಠ. ಇದೊಂದು ಸಲ..."

ತಮ್ಮ ಮೈಕಿನತ್ತ ಹೊರಟೇಬಿಟ್ಟ. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಒತ್ತಲ್ಲ," ಎಂದಳು ಗಿಟಾರ್‌ನವನಿಗೆ.

"ಹಾಗಾದ್ರೆ ನನ್ನ ಕತೆ ಮುಗೀತು."

"ಅವರದ್ದು ಮುಗಿದಿದೆ. ಹೊರಗೆ ಮಲಗಿದ್ದಾರೆ, ನೋಡಿ."

ಅವನು ಹಲಗೆಯನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ ತಿರುಗಿ ವೇದಿಕೆಗೆ ಹೋದ.

"ಈಗ ಹಾಕು," ಎಂದಳು. ತಮ್ಮ ಪ್ಲಗ್ ಸಿಕ್ಕಿಸಿದ.

ಹಾಡು ಶುರುವಾಯಿತು. ಅಳು ಬರುವ ಜಾಗಕ್ಕೆ ಬಂದದ್ದೇ ಗಿಟಾರ್‌ನವನು ತಂತಿಯಿಂದ ಕೈ ಎತ್ತಿಬಿಟ್ಟ. ಕೇಬಲ್ ಕೈಕೊಟ್ಟಿತೆಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಗೊಣಗಿದರು.

ಅವನು ಮೈಕಿಗೆ ಬಾಗಿದ.

"ಇಲ್ಲಿ ನಾನಲ್ಲ, ವೈರಣ್ಣ ನುಡಿಸ್ತಿದ್ರು. ಅಪಘಾತ ಆದಾಗಿಂದ ನನ್ನ ಕಾಲು ಬರಲ್ಲ. ಆ ಪರದೆ ಹಿಂದೆ ಕೂತ್ಕೊಂಡು ಪೆಡಲ್ ಒತ್ತಿ ಅವರೇ..."

ಮತ್ತೆ ತಂತಿ ಮೀಟಿದ.

ಎರಡನೆಯ ಸಲ ಆ ಜಾಗ ಬಂದಾಗಲೂ ಕೈ ಎತ್ತಿದ. ಈ ಸಲ ಯಾರೂ ವೇದಿಕೆಯತ್ತ ನೋಡಲಿಲ್ಲ. ಎಲ್ಲರೂ ಬಿಳಿ ಬಟ್ಟೆಯ ಕಡೆ ತಿರುಗಿ, ಆ ಅಳು ಮುಗಿಯಲು ಬೇಕಾಗುವಷ್ಟು ಹೊತ್ತು, ಉಸಿರು ಬಿಗಿಹಿಡಿದು ಕಾದರು.