ಎರಡು ತೂತಿನ ಡಬ್ಬಿ

ಮಹಾಲಯ ಅಮಾವಾಸ್ಯೆ ಬಂತೆಂದರೆ ಸಾರಕ್ಕಿಯ ಅಣ್ಣಮ್ಮಜ್ಜಿಯ ಮನೆಯಲ್ಲಿ ಬಾಳೆಎಲೆಯ ಪಕ್ಕ ಒಂದು ಕ್ವಾರ್ಟರ್ ರಮ್ ಬಂದು ಕೂರಲೇಬೇಕು. ಅದು ಅಜ್ಜಿಯ ಅಪ್ಪ ಚಿನ್ನಪ್ಪನವರ ಪಾಲು. ಚಿನ್ನಪ್ಪನವರು ಬರ್ಮಾ ಯುದ್ಧಕ್ಕೆ ಹೋಗಿ ಜೀವಂತ ವಾಪಸ್ ಬಂದವರು. ಬಂದ ಕೆಲವೇ ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡವರು. ಅವರ ಹೆಂಡತಿಯೂ ಹೆಚ್ಚು ದಿನ ಉಳಿಯಲಿಲ್ಲ. ಒಬ್ಬಳೇ ಮಗಳು ಅಣ್ಣಮ್ಮ ಆಗಿನ್ನೂ ತನ್ನ ಮೂಗು ತಾನು ಒರೆಸಿಕೊಳ್ಳಲು ಬಾರದ ಮಗು. ಅಪ್ಪನಿಗೆ ಏನು ಇಷ್ಟವಿತ್ತೆಂದು ಅವಳಿಗೆ ಹೇಳುವವರಿರಲಿಲ್ಲ. ಮಿಲಿಟರಿಯವರು ಅಂದಮೇಲೆ ರಮ್ಮೇ ಇರಬೇಕೆಂದು ಬೀದಿಯ ಹಿರಿಯರು ತೀರ್ಮಾನಿಸಿದರು. ಅದೇ ನಡೆದುಕೊಂಡು ಬಂತು.

ಮನೆಯವರು ಬೌದ್ಧರಾಗಿ, ನಡುಮನೆಯಲ್ಲಿ ಬುದ್ಧನ ಪಟ ಬಂದ ಮೇಲೂ ಎಡೆ ಇಡುವುದು ನಿಲ್ಲಲಿಲ್ಲ. ನಮ್ಮಪ್ಪಂಗೆ ಊಟ ಇಕ್ಕಬೇಡ ಅಂತ ಬುದ್ಧ ಎಲ್ಲೂ ಹೇಳಿಲ್ಲ ಎನ್ನುವುದು ಅಜ್ಜಿಯ ವಾದ. ಅದಕ್ಕೆ ಎದುರಾಡುವ ಧೈರ್ಯ ಯಾರಿಗೂ ಇಲ್ಲ.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು, ಹಿರಿಯರು ನಿರಾಳವಾಗಿ ಉಂಡು ಹೋಗಲಿ ಎಂದು. ಬಾಗಿಲು ತೆಗೆದಾಗ ಅಜ್ಜಿ ಒಂದೊಂದೇ ಎಲೆ ಬಗ್ಗಿ ನೋಡುತ್ತಾಳೆ. ಮುದ್ದೆ ಚೂರು ಕುಸಿದಿದ್ದರೆ ಅತ್ತೆ ಬಂದಿದ್ದಳು. ಹೂವು ಜಾರಿದ್ದರೆ ಗಂಡ ಬಂದಿದ್ದ. ಅಪ್ಪನ ಎಲೆಯ ಮುಂದೆ ಮಾತ್ರ ಪ್ರತಿ ವರ್ಷವೂ ಒಂದೇ ಮಾತು: "ನಮ್ಮಪ್ಪ ಮುಟ್ಟಿಲ್ಲ." ಹಾಗೆ ಮುಟ್ಟದೆ ಉಳಿದ ರಮ್ಮನ್ನು ಮುಟ್ಟುವ ಜವಾಬ್ದಾರಿಯನ್ನು ಅಜ್ಜಿಯ ಕಿರಿಮಗ ರವಿಕುಮಾರ್ ವರ್ಷಗಳಿಂದ ನಿಷ್ಠೆಯಿಂದ ಹೊತ್ತುಕೊಂಡಿದ್ದ.

ಈ ಸಲ ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗಲೇ ಅಜ್ಜಿ ಹೊಸ ರಾಗ ತೆಗೆದಳು. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಮೊಮ್ಮಗಳು ಸಂಘಮಿತ್ರಾಳನ್ನು ಕೇಳಿದಳು.

"ನಾಳೆ ನಾನೂ ಅಲ್ಲಿಗೆ ಹೋಯ್ತೀನಲ್ಲ. ನಮ್ಮಪ್ಪ ಎದುರಿಗೆ ಸಿಕ್ಕಿ, ಒಂದು ದಿನಾನೂ ನಂಗಿಷ್ಟ ಆದ್ದು ಇಕ್ಕಲಿಲ್ವಲ್ಲ ಮಗಳೇ ಅಂದ್ರೆ ಏನು ಹೇಳ್ಲಿ ಮಿತ್ರಾ?"

ಮಿತ್ರಾ ಜಯನಗರದ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಅವಳ ನೋಟ್ಸು, ಅಸೈನ್‌ಮೆಂಟು, ಜಗಳ, ರಾಜಿ ಎಲ್ಲವೂ ಫೋನಿನಲ್ಲೇ. ಅಜ್ಜಿ ಹಾಗೆ ಕೇಳಿದ್ದು ತಮಾಷೆಗಲ್ಲ ಎಂಬುದು ಅವಳಿಗೆ ಗೊತ್ತಾಯಿತು. "ಕಂಡುಹಿಡೀತೀನಿ ತಡಿ ಅಜ್ಜಿ," ಎಂದುಬಿಟ್ಟಳು. ಎಲ್ಲಿಂದ ಶುರುಮಾಡಬೇಕೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಮುತ್ತಾತನವು ಎಂದು ಮನೆಯಲ್ಲಿದ್ದವು ಎರಡೇ. ಒಂದು, ಬುದ್ಧನ ಪಟದ ಮುಂದಿನ ಅಗರಬತ್ತಿ ಸ್ಟ್ಯಾಂಡು: ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ, ಅದರ ತಲೆಯ ಮೇಲೆ ಎದುರುಬದುರು ಎರಡು ತೂತು. ಅಪ್ಪ ಕೈಯಾರೆ ಮಾಡಿದ್ದೆಂದು ಅಜ್ಜಿಗೆ ಅದರ ಮೇಲೆ ಬಲು ಹೆಮ್ಮೆ. ಇನ್ನೊಂದು, ಗೋಡೆಯ ಮೇಲಿನ ಹಳೇ ಫೋಟೋ. ಅದರಲ್ಲಿ ಚಿನ್ನಪ್ಪನವರು, ಇನ್ನೊಬ್ಬ ಸೈನಿಕ, ನಡುವೆ ಕುದುರೆಯಂಥದ್ದು ಒಂದು. ಆ ಕುದುರೆ ಹತ್ತಿಯೇ ನಮ್ಮ ತಾತ ಶತ್ರುಗಳ ಮೇಲೆ ನುಗ್ಗಿದ್ದು ಎಂದು ಚಿಕ್ಕಪ್ಪ ರವಿಕುಮಾರ್ ಮದುವೆ ಮನೆಗಳಲ್ಲಿ ಹೇಳುತ್ತಿದ್ದ.

ಮಿತ್ರಾ ಆ ಫೋಟೋವನ್ನು ಫೋನಿನಲ್ಲಿ ತೆಗೆದು, ಪಕ್ಕದಲ್ಲಿರುವ ಹೀರೋ ಯಾರು ಎಂದು ಬರೆದು, ಕಂಡ ಕಂಡ ಗ್ರೂಪಿಗೆಲ್ಲ ಹಾಕಿದಳು. ಕಾಲೇಜಿನ ಗ್ರೂಪು, ಕೆರೆ ಸುತ್ತ ವಾಕಿಂಗ್ ಹೋಗುವ ಆಂಟಿಯರ ಗ್ರೂಪು, ಕೊನೆಗೆ ಸಾರಕ್ಕಿ ಮಾರ್ಕೆಟ್ಟಿನ ಸೊಪ್ಪಿನವರ ಗ್ರೂಪು. ನಾಲ್ಕೈದು ದಿನ ಬರೀ ಕೈಮುಗಿಯುವ ಇಮೋಜಿಗಳೇ ಬಂದವು. ಆಮೇಲೆ ಅಂಜನಾಪುರದಿಂದ ಲಿಖಿತ್ ಎಂಬ ಹುಡುಗನ ಮೆಸೇಜು: ಇದೇ ಫೋಟೋ ನಮ್ಮನೆ ಗೋಡೆ ಮೇಲೂ ಇದೆ, ಆ ಹೀರೋ ನಮ್ಮ ಮುತ್ತಾತ, ಮುತ್ತಜ್ಜಿ ಇನ್ನೂ ಗಟ್ಟಿಯಾಗಿದ್ದಾರೆ, ಬೇಗ ಬನ್ನಿ, ಮಧ್ಯಾಹ್ನ ಮಾತ್ರ ಬೇಡ, ಸೀರಿಯಲ್ ಟೈಮು.

ಭಾನುವಾರ ಬೆಳಗ್ಗೆ ಚಿಕ್ಕಪ್ಪನ ಸ್ಕೂಟರ್ ಹತ್ತಿ ಮಿತ್ರಾ ಹೊರಟಳು. ಸಾರಕ್ಕಿ ಸಿಗ್ನಲ್ ದಾಟುವಷ್ಟರಲ್ಲಿ ಚಿಕ್ಕಪ್ಪ ಮುತ್ತಾತನಿಗೆ ಎರಡು ಪದಕ ಕೊಡಿಸಿದ್ದ. ಕನಕಪುರ ರಸ್ತೆಗೆ ಬರುವಷ್ಟರಲ್ಲಿ ಒಂದು ಸೇತುವೆಯನ್ನೂ ಉಡಾಯಿಸಿದ್ದ.

ಲಿಖಿತ್‌ನ ಮುತ್ತಜ್ಜಿ ಮಂಗಮ್ಮ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಫೋಟೋ ನೋಡಿ ಚಿನ್ನಪ್ಪಣ್ಣನ ಮೂಗು ನಿನಗೂ ಬಂದಿದೆ ಎಂದು ಮಿತ್ರಾಳ ಮೂಗು ಹಿಡಿದು ಅಲ್ಲಾಡಿಸಿದರು. ಚಿಕ್ಕಪ್ಪ ಕುದುರೆಯ ವಿಷಯ ತೆಗೆದ.

"ಕುದುರೆ ಎಲ್ಲಿ ಬಂತಪ್ಪ, ಅದು ಹೇಸರಗತ್ತೆ. ನಮ್ಮ ಯಜಮಾನ್ರು, ಚಿನ್ನಪ್ಪಣ್ಣ ಇಬ್ರೂ ಅದನ್ನ ಹೊಡ್ಕೊಂಡು ಹೋಗೋರು, ಅಷ್ಟೇ."

ಚಿಕ್ಕಪ್ಪ ಉಡಾಯಿಸಿದ್ದ ಸೇತುವೆ ಅಲ್ಲೇ ರಿಪೇರಿಯಾಯಿತು.

ಗಂಡನ ಬಾಯಲ್ಲಿ ಕೇಳಿದ್ದನ್ನೆಲ್ಲ ಮಂಗಮ್ಮ ಹೇಳಿದರು. ಕಾಡುಬೆಟ್ಟದಲ್ಲಿ ಅಕ್ಕಿ ಹೊತ್ತು ಹತ್ತುವುದು, ಗಾಯಗೊಂಡವರನ್ನು ಹೊತ್ತು ಇಳಿಯುವುದು. ಕೂಗಿದರೆ ಶತ್ರುಗಳಿಗೆ ಕೇಳುತ್ತದೆಂದು ಆ ಪ್ರಾಣಿಗಳ ದನಿಯನ್ನೇ ಕತ್ತರಿಸಿಬಿಟ್ಟಿದ್ದರಂತೆ. ಫೋಟೋದಲ್ಲಿದ್ದವಳ ಹೆಸರು ರಾಣಿ. ದನಿ ಹೋದರೂ ರಾಣಿಯ ಕಾಲು ನೆಟ್ಟಗಿತ್ತು. ಹೆಂಡದ ವಾಸನೆ ಬಂದರೆ ಯಾರೆಂದು ನೋಡದೆ ಝಾಡಿಸಿ ಒದೆಯುತ್ತಿದ್ದಳು. ಹಾಗಾಗಿ ಅವಳ ಹಗ್ಗ ಹಿಡಿದ ಚಿನ್ನಪ್ಪಣ್ಣ ರಮ್ ಮುಟ್ಟಲಿಲ್ಲ. ಊರಿಗೆ ಬಂದ ಮೇಲೂ ಮುಟ್ಟಲಿಲ್ಲ.

"ಹಬ್ಬ ಹರಿದಿನಕ್ಕಾದ್ರೂ ಒಂಚೂರು?" ಚಿಕ್ಕಪ್ಪನ ದನಿಯನ್ನೂ ಯಾರೋ ಕತ್ತರಿಸಿದಂತಿತ್ತು.

"ವಾಸನೆ ಬಂದ್ರೆ ಎದ್ದೋಗೋರು. ಅವರ ಪಾಲಿನ ರಮ್ಮು ನಮ್ಮ ಯಜಮಾನ್ರಿಗೆ, ಇವರ ಪಾಲಿನ ಸಕ್ಕರೆ ಹಾಕಿದ ಗಟ್ಟಿಹಾಲಿನ ಡಬ್ಬಿ ಅವರಿಗೆ. ನಾನು ಮದುವೆಯಾಗಿ ಬಂದ ಹೊಸದ್ರಲ್ಲೂ ಚಿನ್ನಪ್ಪಣ್ಣ ಒಂದು ಡಬ್ಬಿ ಹಿಡ್ಕೊಂಡೇ ಬಂದಿದ್ರು. ನಾನು ಮುಚ್ಚಳ ಕುಯ್ಯಕ್ಕೆ ಹೋದ್ರೆ, ಬಿಡವ್ವ, ಮೊಳೆ ತತ್ತಾ ಅಂದ್ರು. ಎರಡು ತೂತು ಹೊಡ್ದು ಬಾಯಿಗಿಟ್ಕೊಂಡ್ರು. ಒಂದು ಹಾಲಿಗೆ, ಒಂದು ಗಾಳಿಗೆ."

ದಿನಾ ಬೆಳಗ್ಗೆ ತಾನೇ ಊದುಬತ್ತಿ ಸಿಕ್ಕಿಸುತ್ತಿದ್ದ ಡಬ್ಬಿ ಮಿತ್ರಾಳ ಕಣ್ಣಮುಂದೆ ಬಂತು.

ವಾಪಸ್ ಬರುವಾಗ ಚಿಕ್ಕಪ್ಪ ದಾರಿಯಲ್ಲಿ ಎಳನೀರು ಕುಡಿಸಿದ. ಅವಳಿಗೆ ಬೇಕಿದ್ದ ಇಯರ್‌ಬಡ್ಸ್ ವಿಷಯ ತಾನಾಗೇ ನೆನಪು ಮಾಡಿಕೊಂಡ. ಆಮೇಲೆ ಮೆತ್ತಗೆ ಅಂದ: "ಇಷ್ಟು ವರ್ಷ ತಪ್ಪು ಇಕ್ಕಿದ್ನಲ್ಲ ಅಂತ ಅವ್ವ ಕೊರಗ್ತಾ ಕೂತ್ರೆ? ಏನೂ ಸಿಗಲಿಲ್ಲ ಅಂದ್ಬಿಡೆ ಮಿತ್ರಾ."

ಅವನ ಕಣ್ಣು ರಮ್ಮಿನ ಮೇಲಿತ್ತು, ನಿಜ. ಆದರೂ ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದೇ ಅರ್ಧ ಮಿತ್ರಾಳನ್ನು ಮನೆವರೆಗೂ ಕೊರೆಯಿತು. ಬಾಗಿಲಲ್ಲೇ ಅಜ್ಜಿ ಅವಳ ಮುಖ ನೋಡುತ್ತಾ ನಿಂತಿದ್ದಳು. ಆ ಕಣ್ಣಿಗೆ ಸುಳ್ಳು ಹೇಳಲು ಆಗಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದಳು.

ಅಜ್ಜಿ ಒಳಗೆ ಹೋಗಿ ಡಬ್ಬಿಯಿಂದ ಊದುಬತ್ತಿ ಕಿತ್ತು, ಬೂದಿ ಊದಿ, ಎರಡು ತೂತುಗಳ ಮೇಲೆ ಬೆರಳಾಡಿಸಿದಳು. ಚಿಕ್ಕಪ್ಪ ನೀರು ತರಲು ಓಡಿದ. ಅವನು ಲೋಟ ಹಿಡಿದು ಬರುವಷ್ಟರಲ್ಲಿ ಅಜ್ಜಿಯ ಭುಜ ಕುಲುಕುತ್ತಿತ್ತು. ಅಳುವಲ್ಲ, ನಗು.

"ಅಲ್ಲ ಕಣೋ ರವಿ, ಹಾಲು ಕುಡಿಯೋ ಮನುಷ್ಯನ ಮುಂದೆ ಬಾಟ್ಲಿ ಇಟ್ಟು ಬಾಗಿಲು ಹಾಕ್ಕೊಳ್ತಿದ್ನಲ್ಲೋ. ಪಾಪ, ಬಾಗಿಲ ತನಕ ಬಂದು ವಾಸನೆಗೆ ಹಂಗೇ ವಾಪಸ್ ಹೋಗವ್ರೆ."

ಅಮಾವಾಸ್ಯೆಯ ದಿನ ಮಿತ್ರಾ ಜೆ.ಪಿ. ನಗರದ ಅಂಗಡಿಯಿಂದ ಗಟ್ಟಿಹಾಲಿನ ಡಬ್ಬಿ ತಂದಳು. ಉಂಗುರ ಎಳೆದರೆ ತೆರೆಯುವ ಮುಚ್ಚಳ ಅದು. ಅಜ್ಜಿ ಉಂಗುರ ಮುಟ್ಟಲು ಬಿಡಲಿಲ್ಲ. ಚಿಕ್ಕಪ್ಪನೇ ಸುತ್ತಿಗೆ, ಮೊಳೆ ತಂದು, ತನ್ನ ರಮ್ಮಿನ ಸಮಾಧಿಗೆ ಮೊಳೆ ಹೊಡೆಯುವವನ ಮುಖ ಮಾಡಿಕೊಂಡು, ಎದುರುಬದುರು ಎರಡು ತೂತು ಹೊಡೆದ. ಒಂದರಿಂದ ಹಾಲು ಉಕ್ಕಿ ಡಬ್ಬಿಯ ಮೈಮೇಲೆ ಇಳಿಯಿತು. ಒರೆಸಬೇಡ, ಹಂಗೇ ಇರಲಿ ಎಂದಳು ಅಜ್ಜಿ. ಮುದ್ದೆ, ಸಾರು, ವಡೆ ಎಲ್ಲ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂತರು. ಮಿತ್ರಾ ಫೋನನ್ನು ಕೈಯಲ್ಲಿ ಹಿಡಿದೇ ಇದ್ದಳು, ನೋಡಲಿಲ್ಲ. ಈ ಸಲವೂ ಅಜ್ಜಿ ಮುಟ್ಟಿಲ್ಲ ಅಂದುಬಿಟ್ಟರೆ?

ಬಾಗಿಲು ತೆಗೆದರು. ಅಜ್ಜಿ ಬೇರೆ ಎಲೆಗಳ ಕಡೆ ನೋಡದೆ ನೇರ ಅಪ್ಪನ ಎಲೆಯ ಮುಂದೆ ಹೋಗಿ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಮಿತ್ರಾ ಹತ್ತಿರ ಹೋಗಿ ನೋಡಿದಳು. ಕಿಟಕಿಯಿಂದ ಗೋಡೆ ಇಳಿದು, ನೆಲ ದಾಟಿ, ಬಾಳೆಎಲೆ ಹತ್ತಿ, ಡಬ್ಬಿಯ ತೂತಿನವರೆಗೆ ಇರುವೆಗಳ ಒಂದು ಸಾಲು. ಶಿಸ್ತೆಂದರೆ ಶಿಸ್ತು, ಒಂದರ ಹಿಂದೆ ಒಂದು.

"ಇರುವೆ ಹತ್ಕೊಂಡ್ವಲ್ಲವ್ವ," ಚಿಕ್ಕಪ್ಪ ಒರೆಸುವ ಬಟ್ಟೆಗೆ ಕೈಚಾಚಿದ.

ಅಜ್ಜಿ ಅವನ ಕೈಗೆ ಪಟ್ಟನೆ ಹೊಡೆದಳು.

"ಸುಮ್ನಿರೋ. ನಮ್ಮಪ್ಪ ಒಬ್ರೇ ಬಂದಿಲ್ಲ. ಮಿಲಿಟರಿ ಪಲ್ಟಣಾನೇ ಕರ್ಕೊಂಡು ಬಂದವ್ರೆ, ಉಂಡ್ಕೊಂಡು ಹೋಗ್ಲಿ."

ಆ ಮಧ್ಯಾಹ್ನ ಪಲ್ಟಣದ ಊಟ ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಊಟ ಸಿಗಲಿಲ್ಲ.